ಅತ್ತೆಯನ್ನು ಕೂರಿಸಿ ವಾಕಿಂಗ್ ಹೊರಟೆ

ಅಮ್ಮಾ,

ನೀನು ಕ್ಯಾನ್ವಾಸ್ ಶೂ ತಂದ ದಿನ ನೆನಪಿದೆಯಾ? ಅಪ್ಪನಿಗೆ ಲಕ್ವಾ ಹೊಡೆದು ಆಗಲೇ ಒಂದು ವರ್ಷ. ಅವರನ್ನು ಎತ್ತಿ, ಮಗ್ಗುಲು ಬದಲಿಸಿ ನಿನ್ನ ಸೊಂಟ ಹಿಡಿದುಹೋಗಿತ್ತು. "ಮೊದಲು ನಿಮ್ಮ ಮೈ ನೋಡ್ಕೊಳ್ಳಿ, ದಿನಾ ನಡೀರಿ" ಅಂತ ಡಾಕ್ಟರು ಗದರಿದ್ದರು. ಪಾರ್ಕಿಗೆ ಹೋಗಿ ಬಂದ ದಿನ ನೀನು ಅಪ್ಪನಿಗೆ ಗಂಜಿ ಕುಡಿಸುತ್ತಾ ತಮಾಷೆ ಮಾಡುತ್ತಿದ್ದೆ. ಚೆನ್ನಾಗಿ ನಿದ್ದೆ ಬರುತ್ತಿತ್ತು. ನನ್ನ ಮೇಲೆ ರೇಗುವುದೂ ಕಡಿಮೆಯಾಗಿತ್ತು.

ಪಕ್ಕದ ಬೀದಿಯಿಂದ ಅತ್ತೆ ಬಂದರಲ್ಲ, ಅಪ್ಪನ ಅಕ್ಕ. "ಗಂಡ ಹಾಸಿಗೇಲಿ, ಹೆಂಡ್ತಿ ಶೂ ಹಾಕ್ಕೊಂಡು ಪಾರ್ಕಲ್ಲಿ. ಶಂಕರಪುರಂ ಎಲ್ಲಾ ನೋಡ್ತಿದೆ ಕಣೇ." ನೀನು ಶೂ ಬಿಚ್ಚಿ ಮೂಲೆಗಿಟ್ಟೆ.

ಗವಿಪುರದ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಉಪಾಯ ನಿನ್ನದೇ. ದೇವರ ಹೆಸರಲ್ಲಿ ನಡೆದರೆ ಯಾರು ಬೈತಾರೆ? ಆದರೆ ನೀನು ಕೈ ಮುಗಿಯುವುದನ್ನು ಮರೆತು, ಪಾರ್ಕಿನಲ್ಲಿದ್ದಂತೆ ಕೈ ಬೀಸಿಕೊಂಡು ಸುತ್ತಿದೆ. ಒಂದು ಸೋಮವಾರ ಅತ್ತೆಯ ಕಣ್ಣಿಗೆ ಬಿದ್ದೆ. "ಶಿವನಿಗೂ ಟೋಪಿ ಹಾಕ್ತೀಯಾ?" ಅಂದರಂತೆ. ಅದೂ ನಿಂತಿತು.

ಆಮೇಲೆ ನೀನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಸುಮ್ಮನೆ ಅಳುತ್ತಿದ್ದೆ. ಸೊಂಟ ಮತ್ತೆ ಹಿಡಿಯಿತು. ಕೊನೆಗೆ ಎದೆ... ಮಲಗಿದವರು ಉಳಿದರು, ನೋಡಿಕೊಂಡವಳು ಹೋದೆ. ಅದಕ್ಕೆ ಅತ್ತೆಯ ಮಾತೇ ಕಾರಣ ಅಂತ ಯಾವ ಡಾಕ್ಟರೂ ಹೇಳಿಲ್ಲ. ನಾನು ಹೇಳ್ತೀನಿ.

ನಿನ್ನ ಕಾರ್ಯದ ದಿನ ನೆಂಟರ ಪಂಕ್ತಿಯಲ್ಲಿ ಕೂತು ಅತ್ತೆ ಕಣ್ಣೊರೆಸಿಕೊಂಡರು. "ಎಂಥಾ ಸೇವೆ ಮಾಡಿದ್ಲು, ಪುಣ್ಯವಂತೆ." ನಾನು ಪಾಯಸ ಬಡಿಸುತ್ತಿದ್ದೆ. "ಆ ಪುಣ್ಯ ನಿಮಗೂ ಬರಲಿ ಅತ್ತೆ. ನಾಳೆಯಿಂದ ಬೆಳಿಗ್ಗೆ ಬಂದು ನಿಮ್ಮ ತಮ್ಮನ ಹತ್ರ ಕೂತ್ಕೊಳ್ಳಿ. ನಾನು ವಾಕಿಂಗ್ ಹೋಗ್ಬರ್ತೀನಿ" ಅಂದೆ. ಅಷ್ಟು ಜನರ ಮುಂದೆ ಇಲ್ಲ ಅನ್ನೋಕಾಗುತ್ತಾ?

ಅವತ್ತಿನಿಂದ ಬರ್ತಿದಾರೆ. ನಾನು ನಿನ್ನ ಶೂ ಹಾಕಿಕೊಂಡು ಅವರ ಕಣ್ಣೆದುರೇ ಹೊರಡ್ತೀನಿ, ಬೇಕಂತಲೇ ತಡವಾಗಿ ಬರ್ತೀನಿ. ಮೈ ಹಗುರಾಗಿರುತ್ತೆ ಅಮ್ಮ. ಅಪ್ಪನ ಬಟ್ಟೆ ಬದಲಿಸುವಾಗ ಮುಖ ಸಿಂಡರಿಸಲ್ಲ ನಾನು. ಮಗ್ಗುಲು ಬದಲಿಸೋಕೆ ಅತ್ತೆಯನ್ನೂ ಕರೀತೀನಿ. ನಿನ್ನೆ "ಸೊಂಟ ಬಿದ್ದೋಯ್ತು ಕಣೇ" ಅಂದರು. "ಅಮ್ಮನಿಗೂ ಹಂಗೇ ಆಗ್ತಿತ್ತು" ಅಂದೆ. ಅವರು ತಲೆ ಎತ್ತಲಿಲ್ಲ. ನನಗೆ ಅಯ್ಯೋ ಅನಿಸಬೇಕಿತ್ತು, ಅಲ್ವಾ? ಅನಿಸಲಿಲ್ಲ.

ನಾಳೆ ಯುಗಾದಿ. "ಹಬ್ಬದ ದಿನಾನೂ ಬರ್ಬೇಕೇನೇ?" ಅಂತ ಬಾಗಿಲಲ್ಲಿ ನಿಂತು ಕೇಳಿದರು.

"ಹಬ್ಬದ ದಿನಾನೂ ಅಪ್ಪ ಮಲಗೇ ಇರ್ತಾರೆ ಅತ್ತೆ. ಬನ್ನಿ."

ಬರ್ತಾರೆ. ನಾನಂತೂ ನಿನ್ನ ಹಾಗೆ ಸವೆದುಹೋಗಲ್ಲ ಅಮ್ಮ. ಅಪ್ಪ ಇರೋವರೆಗೂ ಗಟ್ಟಿಯಾಗಿರ್ತೀನಿ. ಅತ್ತೆ ಇರೋವರೆಗೂ.