೨೧೨ನೇ ಪುಟ

ಹಾರ್ಲನ್ ಫಾಲ್ಸ್, ಓಹಾಯೊ
ಮಾರ್ಚ್ ೯

ಮಾನ್ಯ ಕ್ಯಾಲ್ವಿನ್ ಡ್ರೆಸರ್ ಅವರಿಗೆ,

ನಿಮ್ಮ ಚಿಕ್ಕಮ್ಮನ ಕೊಲೆ ಮೊಕದ್ದಮೆಯನ್ನೇ ಕಾದಂಬರಿ ಮಾಡಿ, ಕೋರ್ಟಿನ ಭಾಗಗಳನ್ನು ತಿದ್ದಿಕೊಡಲು ನನಗೆ ಕಳಿಸಿದ್ದಿರಿ. ಅಂದು ಆ ಕೋರ್ಟಿನಲ್ಲಿ ಸ್ಟೆನೋಗ್ರಾಫರ್ ಆಗಿದ್ದವಳು ನಾನೇ. ಅಲ್ಲಿ ಆಡಿದ ಒಂದೊಂದು ಮಾತೂ ನನ್ನ ಬೆರಳು ದಾಟಿಯೇ ಹೋಗಿದೆ.

ಸಣ್ಣಪುಟ್ಟ ತಪ್ಪುಗಳಿವೆ. ಜಡ್ಜ್ ಅಷ್ಟು ಸಲ ಸುತ್ತಿಗೆ ಕುಟ್ಟುವುದಿಲ್ಲ. ಸಾಕ್ಷಿಗಳು ಅಷ್ಟು ಚೆನ್ನಾಗಿ ಅಳುವುದೂ ಇಲ್ಲ.

೨೧೨ನೇ ಪುಟದಲ್ಲಿ, ಕೊಲೆಗೆ ಬಳಸಿದ ಇಸ್ತ್ರಿಪೆಟ್ಟಿಗೆ ಅಡುಗೆಮನೆಯ ಒಲೆ ಮುಂದಿನ ಸಡಿಲ ಹಲಗೆಯಡಿ ಸಿಗುತ್ತದೆ. ನಿಜದಲ್ಲಿ ಅದು ಪೊಲೀಸರಿಗೆ ಸಿಗಲೇ ಇಲ್ಲ. "ಇದನ್ನು ಯಾರೂ ನಂಬುವುದಿಲ್ಲ" ಎಂದು ಅಂಚಿನಲ್ಲಿ ಬರೆದೆ. ಆದರೆ ಖಾತ್ರಿ ಮಾಡಿಕೊಳ್ಳದೆ ತಿದ್ದುವ ಅಭ್ಯಾಸ ನನಗಿಲ್ಲ. ನಿನ್ನೆ ನಿಮ್ಮ ಚಿಕ್ಕಮ್ಮನ ಆ ಮನೆಗೆ ಹೋದೆ.

ಈಗ ಅಲ್ಲಿರುವ ಡೋರೀನ್ ನಗುತ್ತಲೇ ಹಲಗೆ ಎತ್ತಿದಳು. ಕೆಳಗೆ ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆ ಇತ್ತು. "ಅಯ್ಯೋ ದೇವ್ರೇ, ಹನ್ನೊಂದು ವರ್ಷ ಇದ್ರ ಮೇಲೇ ನಿಂತ್ಕೊಂಡು ಅಡುಗೆ ಮಾಡಿದೀನಲ್ಲಮ್ಮಾ!" ಅಂದಳು.

"ಆ ಅಡುಗೆಮನೆಗೆ ನಾನು ಕಾಲಿಟ್ಟು ವರ್ಷಗಳೇ ಆದ್ವು ಸ್ವಾಮಿ" ಎಂದು ನೀವು ಪ್ರಮಾಣ ಮಾಡಿ ಹೇಳಿದ್ದನ್ನು ಬರೆದುಕೊಂಡವಳೂ ನಾನೇ. ನಿಮ್ಮ ಚಿಕ್ಕಮ್ಮನ ಬಾಡಿಗೆದಾರ ವಾಲ್ಟ್ ಪ್ರೂಯಿಟ್ ಆ ಕೊಲೆಗಾಗಿ ಹತ್ತೊಂಬತ್ತು ವರ್ಷಗಳಿಂದ ಜೈಲಿನಲ್ಲಿದ್ದಾನೆ.

ಇಸ್ತ್ರಿಪೆಟ್ಟಿಗೆಯೂ ನಿಮ್ಮ ಹಸ್ತಪ್ರತಿಯೂ ಈಗ ಷೆರಿಫ್ ಬಳಿ ಇವೆ. ಕೊಡುವ ಮುಂಚೆ, ಅಂಚಿನಲ್ಲಿ ಬರೆದಿದ್ದ ನನ್ನ ಮಾತನ್ನು ಹೊಡೆದುಹಾಕಿದೆ. ಆ ಪುಟದಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ಇತಿ,
ಎಡ್ನಾ ಕೋವಾಲ್ಸ್ಕಿ