ಹಿಕ್ಕೆಯಲ್ಲಿ ಮೊಳೆತ ಪಾಚಿ

ಮಾರ್ಚ್ ೧೪, ಗುರುವಾರ.

ಹನ್ನೆರಡು ದಿನದಿಂದ ಎದೆಯ ಮೇಲೆ ಕೂತಿದ್ದ ಜೀರುಂಡೆ ಇವತ್ತು ಕೆಳಗಿಳಿಯಿತು.

ನಾಲ್ಕು ವರ್ಷ ನಾನು ಗಂಟಲು ಹರಿದುಕೊಂಡು ಸಾರಿದ್ದು ಒಂದೇ ಕಥೆ. ಕಲ್ಲುಹೂವು ತಿನ್ನುವ ಈ ಜೀರುಂಡೆಯ ಪೂರ್ವಜರು ಬೂಷ್ಟು ತಿನ್ನುತ್ತಿದ್ದರು. ಕಲ್ಲುಹೂವೆಂದರೆ ಬೂಷ್ಟೂ ಪಾಚಿಯೂ ಕೂಡಿ ಹೂಡಿದ ಸಂಸಾರ. ಹಾಗಾಗಿ ಇವು ಹಳೆಯ ಊಟವನ್ನೇ ಹೊಸ ಮನೆಯಲ್ಲಿ ಉಣ್ಣುತ್ತಿವೆ. ಆದರೆ ಹನ್ನೆರಡು ದಿನದ ಹಿಂದೆ ಒಂದರ ಹೊಟ್ಟೆ ಸೀಳಿದರೆ ಒಳಗೆಲ್ಲ ಪಾಚಿಯ ಹಸಿರು. ಇವು ಉಣ್ಣುವುದು ಪಾಚಿಯನ್ನೆಂದಾದರೆ ನನ್ನ ಕಥೆಯೇ ಸುಳ್ಳು; ನನ್ನ ಸಾಮ್ರಾಜ್ಯ ಕುಸಿದುಬಿತ್ತು. ಪ್ರಬಂಧ ಹಿಂತೆಗೆದುಕೊಳ್ಳುವ ಪತ್ರವನ್ನೂ ಬರೆದಿಟ್ಟೆ.

ಜೀರುಂಡೆಗಳ ಹಿಕ್ಕೆಯನ್ನು ಒದ್ದೆ ಕಾಗದದ ಮೇಲಿಟ್ಟು ಕಾಯೋಣ ಎಂದವಳು ಪ್ರಯೋಗಾಲಯದಲ್ಲಿ ಪಕ್ಕದ ಮೇಜಿನ ಅಕ್ಕ. ಬೆಳಗ್ಗೆ ಅವಳೇ ಕರೆದಳು.

"ಬಾರಪ್ಪ ಮಹಾರಾಜ, ನಿನ್ನ ಪಾಚಿ ಚಿಗುರಿದೆ ನೋಡು."

"ಜೀರ್ಣವಾದದ್ದು ಹೇಗೆ ಅಕ್ಕ ಚಿಗುರುತ್ತೆ?"

"ಜೀರ್ಣ ಆಗಿದ್ರೆ ತಾನೇ. ನುಂಗಿದ ಪಾಚೀನ ಜೀವಂತ ಹೊರಗೆ ಹಾಕಿದೆ. ಅರಗಿಸ್ಕೊಂಡಿರೋದು ಬೂಷ್ಟನ್ನೇ ಇರಬೇಕು. ಇನ್ನಾದ್ರೂ ಮೆಲ್ಲಗೆ ಮಾತಾಡು, ಪಕ್ಕದ ಕೋಣೇಲಿ ಪರೀಕ್ಷೆ ನಡೀತಿದೆ."

ನಾನು ಪಿಸುಗುಟ್ಟುತ್ತಿದ್ದೇನೆ ಎಂದೇ ಭಾವಿಸಿದ್ದೆ.

ಏಳು ಕಾಗದಗಳಲ್ಲಿ ಆರು ಹಸಿರಾಗಿವೆ. ಏಳನೆಯದು ಇನ್ನೂ ಬೋಳು, ಅದೊಂದು ಕೊರೆಯುತ್ತಿದೆ. ಇರಲಿ. ಪತ್ರ ಹರಿದೆ. ಸ್ಟೂಲಿನ ಮೇಲೆ ಕೂತು ಮೂಗು ಒರೆಸಿಕೊಂಡೆ, ಅಷ್ಟೇ. ಅಕ್ಕ ನೋಡದವಳಂತೆ ಗಾಜು ತೊಳೆದಳು.

ಲಕ್ಷಾಂತರ ವರ್ಷಗಳ ಹಿಂದೆ, ಬೂಷ್ಟಿನ ವಾಸನೆ ಹಿಡಿದು ಮೊದಲು ಕಲ್ಲು ಹತ್ತಿದ ಆ ಜೀರುಂಡೆಗೆ ತಾನೇನೋ ಹೊಸದು ಮಾಡುತ್ತಿದ್ದೇನೆ ಅನ್ನಿಸಿರಲಿಕ್ಕಿಲ್ಲ. ಹಸಿವಾಗಿತ್ತು, ಹತ್ತಿತು. ಕಣ್ಣು ಎಳೆಯುತ್ತಿದೆ. ನಾಳೆ ಆ ಏಳನೆಯ ಕಾಗದಕ್ಕೆ ಇನ್ನೊಂದಿಷ್ಟು ನೀರು...