ರುಚಿ ನೋಡಿದ್ದು ತಿಂದ ಲೆಕ್ಕವಲ್ಲ

ಫೆಬ್ರವರಿ 6, ಮಧ್ಯಾಹ್ನ

ಎರಡನೇ ಸಲದ ಬ್ರೆಡ್ ಒಲೆಯಿಂದ ಇಳಿಸಿ ಈಗ ಕೂತೆ. ಇವತ್ತೂ ಕೇಕಿನ ಮೇಲೆ ಹೆಸರು ಬರೆಯುವಾಗ ಕೊನೆಯ ಅಕ್ಷರ ಅಂಚು ದಾಟಿ ಕೆಳಗಿಳಿದುಹೋಯಿತು. ಇಪ್ಪತ್ತೆಂಟು ವರ್ಷ ಪಳಗಿದ ಕೈ. ಕೈಯದ್ದೇನೂ ತಪ್ಪಿಲ್ಲ, ಕಣ್ಣೇ ಕೈಕೊಟ್ಟಿದೆ. ಎರಡರಲ್ಲೂ ಪೊರೆ. ಕಣ್ಣಿನ ಡಾಕ್ಟರು ಖಡಾಖಂಡಿತ ಹೇಳಿದರು — ಮೂರು ತಿಂಗಳ ಸಕ್ಕರೆ ಸರಾಸರಿ ಒಂಬತ್ತೂವರೆ ಇದೆ, ಎಂಟರ ಕೆಳಗೆ ಬರಲಿ, ಆಮೇಲೆ ಆಪರೇಷನ್. ಅಲ್ಲಿಯವರೆಗೆ ಎಲ್ಲರ ಮುಖವೂ ನನಗೆ ಒಂದೇ ಮಬ್ಬು.

ಫೆಬ್ರವರಿ 9

ಹೆಂಡತಿ ಬಿಡಲಿಲ್ಲ, ಆಸ್ಪತ್ರೆಯ ಪಥ್ಯದ ಮೇಡಂ ಹತ್ತಿರ ಎಳೆದುಕೊಂಡು ಹೋದಳು. ಚಿಕ್ಕ ವಯಸ್ಸಿನವರು. ಉಪದೇಶ ಶುರುವಾಗುತ್ತೆ ಅಂತ ಕಾದು ಕೂತೆ. ಅವರು ಬರೀ ಕೇಳಿದರು — ಎಷ್ಟು ಗಂಟೆಗೆ ಏಳ್ತೀರಿ, ಎಷ್ಟು ಹೊತ್ತು ನಿಂತಿರ್ತೀರಿ, ಹಸಿವು ಯಾವಾಗ, ಮಾತ್ರೆ ಯಾವಾಗ. ಅಚ್ಚು ಹಾಕಿದ ಚೀಟಿ ಕೊಡಲಿಲ್ಲ. ನನ್ನ ಕೆಲಸದ ಹೊತ್ತಿಗೆ ಹೊಂದಿಸಿ ಕೈಯಲ್ಲೇ ಬರೆದರು. ಬೆಳಿಗ್ಗೆ ಮೊಟ್ಟೆ. ಹತ್ತಕ್ಕೆ ಒಂದು ಹಣ್ಣು. ಮಧ್ಯಾಹ್ನ ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಅನ್ನ, ಉಳಿದ ಕಾಲು ತಟ್ಟೆ ಬೇಳೆ.

"ತಿಂದಿದ್ದೆಲ್ಲ ಬರೀರಿ. ಮುಚ್ಚಿಡಬೇಡಿ."

ಮುಚ್ಚಿಡೋಕೆ ನಾನೇನು ಕದ್ದು ತಿನ್ನುವವನೇ?

ಮಾರ್ಚ್ 15

ಚೀಟಿಯಲ್ಲಿ ಇದ್ದಂತೆ ಚಾಚೂ ತಪ್ಪದೆ ತಿಂದಿದ್ದೇನೆ. ಬೆರಳು ಚುಚ್ಚಿ ನೋಡಿದರೆ ಮಧ್ಯಾಹ್ನ ಇನ್ನೂರ ಅರವತ್ತು. ನಿನ್ನೆಯೂ ಹಾಗೇ. ಇವಳು ಮಂಕಾಗಿದ್ದಾಳೆ.

"ನನ್ನ ಕೈಯಲ್ಲೇ ಏನೋ ಹೆಚ್ಚುಕಮ್ಮಿ ಆಗ್ತಿದೆ ರೀ. ಇನ್ಮೇಲೆ ತೂಕ ಹಾಕೇ ಬಡಿಸ್ತೀನಿ."

ಬೇಕರಿಯ ಹಳೇ ತಕ್ಕಡಿ ಮನೆಗೆ ತರಿಸಿಕೊಂಡಳು. ಪಾಪ, ಅವಳದ್ದೇನು ತಪ್ಪು… ರೋಗವೇ ಮೊಂಡು ಇರಬೇಕು.

ಏಪ್ರಿಲ್ 2

ಮೇಡಂ ನನ್ನ ಹಾಳೆ ಓದಿದರು. ಮತ್ತೆ ಓದಿದರು.

"ಇಷ್ಟು ತಿಂದ್ರೆ ಇಷ್ಟು ಬರಬಾರದು. ಬೇಕರೀಲಿ ಏನೂ ತಿನ್ನಲ್ವಾ?"

"ಇಲ್ಲ ಮೇಡಂ. ರುಚಿ ನೋಡ್ತೀನಿ, ಅಷ್ಟೇ."

"ರುಚಿ ಅಂದ್ರೆ?"

ನಗು ಬಂತು. ಟ್ರೇಗೊಂದು ಮೂಲೆ ಮುರಿದು ಬಾಯಿಗೆ. ಕ್ರೀಮಾದರೆ ಒಂದು ಚಮಚ. ಅದು ಕೆಲಸ, ಊಟವಲ್ಲ. ಟೈಲರು ಬಟ್ಟೆಯನ್ನ ಮೈಗೆ ಹಿಡಿದು ನೋಡಿದರೆ ತೊಟ್ಟುಕೊಂಡ ಹಾಗಾಯಿತೇ?

ಅವರು ವಾದಕ್ಕಿಳಿಯಲಿಲ್ಲ. "ನಾಳೆ ಒಂದು ದಿನ, ರುಚಿಗೆ ಅಂತ ಬಾಯಿಗೆ ಹಾಕೋದನ್ನೆಲ್ಲ ಡಬ್ಬಿಗೆ ಹಾಕಿ. ತೂಕ ಮಾಡಿ, ನನಗೆ ಫೋನ್ ಮಾಡಿ."

ಏಪ್ರಿಲ್ 3, ಹನ್ನೊಂದೂವರೆ

ಡಬ್ಬಿ ತುಂಬಿತು. ಮಧ್ಯಾಹ್ನದ ಟ್ರೇಗಳು ಇನ್ನೂ ಬಾಕಿ. ಮುನ್ನೂರ ನಲವತ್ತು ಗ್ರಾಂ. ಎರಡು ಸಲ ತೂಗಿದೆ. ಬನ್ನಿನ ಮೂಲೆ, ಬಿಸ್ಕತ್ತಿನ ಚೂರು, ಕ್ರೀಮು, ಎಲ್ಲ ಕಲಸಿಕೊಂಡು… ನಾಚಿಕೆಯಾಯಿತು. ದಿನಾ ಇಷ್ಟು ಹೊಟ್ಟೆಗಿಳಿಸಿ ರೋಗಕ್ಕೆ ಮೊಂಡು ಅಂದೆನಲ್ಲ.

ಅದೇ ದಿನ, ಸಂಜೆ

ಫೋನಿನಲ್ಲಿ ಮೇಡಂ: "ನಾಲಿಗೆ ಮೇಲಿಟ್ಟು ಉಗುಳಿಬಿಡೋಕೆ ಆಗುತ್ತಾ?"

ನಾನು ಮಾಡಿದ್ದನ್ನ ನಾನೇ ಉಗುಳೋದಾ! ಬೇಕರಿ ಮುಚ್ಚೋದೇ ವಾಸಿ ಅಂದೆ. ನಕ್ಕರು.

"ಹಾಗಾದ್ರೆ ಲೆಕ್ಕಕ್ಕೆ ತಗೊಳ್ಳೋಣ. ಟ್ರೇಗೊಂದಲ್ಲ, ಒಂದು ಸಲ ಕಲಸಿದ ಹಿಟ್ಟಿಗೆ ಒಂದೇ ಚೂರು, ಬೆರಳಿನ ಉಗುರಿನಷ್ಟು. ಅದಕ್ಕೆ ಬದಲು ಮಧ್ಯಾಹ್ನದ ಅನ್ನ ಅರ್ಧ. ನಾಲ್ಕು ದಿನ ಬೆರಳು ಚುಚ್ಚಿ ನೋಡಿ, ಆಮೇಲೆ ಮತ್ತೆ ಹೊಂದಿಸೋಣ."

ಇವಳಿಗೂ ಹೇಳಿದೆ. ಬೈಗುಳಕ್ಕೆ ತಯಾರಾಗೇ ಇದ್ದೆ.

"ಅಂದ್ರೆ ನನ್ನ ಅಡುಗೆಯಿಂದ ಅಲ್ಲ?"

ಅಷ್ಟೇ ಕೇಳಿದಳು. ಒಲೆ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಎಷ್ಟು ದಿನದಿಂದ ಒಳಗೇ ಇಟ್ಟುಕೊಂಡು ಕೊರಗುತ್ತಿದ್ದಳೋ.

ಜುಲೈ 11

ಏಳು ಪಾಯಿಂಟ್ ಆರು! ಇಪ್ಪತ್ತನೇ ತಾರೀಖು ಬಲಗಣ್ಣಿನ ಆಪರೇಷನ್. ಮೂರು ತಿಂಗಳು ಬಿಸಿ ಬಿಸ್ಕತ್ತಿನ ಮುಂದೆ ಕೈ ಕಟ್ಟಿ ನಿಂತಿದ್ದೇನೆ, ಸುಮ್ಮನೆ ಅಲ್ಲ. ಇವಳ ಮುಂದೆ ಕೊಚ್ಚಿಕೊಂಡೆ.

"ಹೂಂ ಹೂಂ, ದೊಡ್ಡ ಋಷಿ" ಅಂದಳು.

ಜುಲೈ 21, ಬೆಳಿಗ್ಗೆ

ಪಟ್ಟಿ ಬಿಚ್ಚಿದರು. ಕಣ್ಣು ಚುಚ್ಚುವಷ್ಟು ಬೆಳಕು. ಗೋಡೆ, ಕಿಟಕಿ, ಕಿಟಕಿಯ ಸರಳು… ಆಮೇಲೆ ಇವಳು.

ಬೇರೆ ಯಾರೋ ಅಂದುಕೊಂಡೆ. ಕೆನ್ನೆ ಒಳಕ್ಕೆ ಹೋಗಿದೆ. ಕತ್ತಿನ ಮೂಳೆ ಎದ್ದು ಕಾಣುತ್ತೆ.

"ಏನೇ ಇದು? ಹುಷಾರಿಲ್ವಾ?"

"ನನಗೇನಾಗಿದೆ? ಫೆಬ್ರವರಿಯಿಂದ ನಾನೂ ನಿಮ್ಮ ಚೀಟಿ ಪ್ರಕಾರಾನೇ ತಿಂತಿದೀನಿ. ನೀವು ಆಸೆಯೆಲ್ಲ ಬಿಟ್ಟಿರುವಾಗ ನನಗೊಬ್ಬಳಿಗೆ ಗಂಟಲಲ್ಲಿ ಇಳೀಲಿಲ್ಲ ರೀ."

ನಾನು ಮನೆಗೆ ಬರುವ ಹೊತ್ತಿಗೆ ಅವಳ ಊಟ ಮುಗಿದಿರುತ್ತೆ. ಅವಳ ತಟ್ಟೆ ನೋಡಿದವನೇ ಅಲ್ಲ ನಾನು.

ಫೆಬ್ರವರಿಯಿಂದ. ನಾನು ಬಿಟ್ಟಿದ್ದು ಏಪ್ರಿಲ್‌ನಲ್ಲಿ. ನಡುವಿನ ಅಷ್ಟೂ ದಿನ ಇವಳು ಮನೆಯಲ್ಲಿ ಅರೆಹೊಟ್ಟೆ ಉಂಡು ಎದ್ದಿದ್ದಾಳೆ, ನಾನು ಅಲ್ಲಿ ಟ್ರೇಯಿಂದ ಟ್ರೇಗೆ ಮೂಲೆ ಮುರಿದು ರುಚಿ ನೋಡುತ್ತಿದ್ದೆ.